ಏಳನೇ ಕಾರಣ

ಹಿರಿಯರೊಬ್ಬರು ಮರೆವಿನ ಅಧ್ಯಯನ ಬಿಟ್ಟುಹೋಗಲು ನನ್ನ ಟ್ಯಾಬಿನಲ್ಲಿ ಒಂಬತ್ತು ಕಾರಣಗಳಿದ್ದವು. ಒಂದು ಒತ್ತಿದರೆ ತೀರಿಕೊಂಡರು. ಎರಡು ಒತ್ತಿದರೆ ಮನೆ ಬದಲಿಸಿದರು. ಮೂರಕ್ಕೆ ಹಾಸಿಗೆ ಹಿಡಿದರು. ಯಾವುದೂ ಹೊಂದದಿದ್ದರೆ ಏಳು: ಆಸಕ್ತಿ ಇಲ್ಲ. ಆ ಏಳು ಪರದೆಯ ಮೇಲೆ ಹೆಬ್ಬೆರಳು ತಾನಾಗಿ ಬಂದು ಕೂರುವ ಜಾಗದಲ್ಲಿತ್ತು. ಹೋದ ವರ್ಷ ಹನ್ನೊಂದು ಸಲ ಒತ್ತಿದ್ದೆ, ಈ ವರ್ಷ ಇಪ್ಪತ್ತಾರು ಸಲ. ಮೂವತ್ತೆಂಟನೆಯದು ನನ್ನ ದೊಡ್ಡಮ್ಮನ ಹೆಸರಿನ ಮುಂದೆ ಕಾಯುತ್ತಿತ್ತು.

ಅವತ್ತು ಗುರುವಾರ. ಶನಿವಾರ ಸಂಜೆ ಐದಕ್ಕೆ ಆರನೇ ವರ್ಷದ ಸುತ್ತು ಮುಗಿಯುತ್ತಿತ್ತು. ದೊಡ್ಡಮ್ಮ ಹೊಸ್ತಿಲ ಮೇಲೆ ಕೂತು ಮುರಿದ ಬಕೆಟ್ಟಿನ ಹಿಡಿಗೆ ತಂತಿ ಸುತ್ತುತ್ತಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ ತಲೆ ಅಲ್ಲಾಡಿಸಿದಳು. ಬರುವುದಿಲ್ಲ ಎಂದಳು. ಯಾಕೆ ಎಂದು ಕೇಳಿದ್ದಕ್ಕೆ, ಬರುವುದಿಲ್ಲ ಅನ್ನುವ ಮಾತಿಗೆ ಬಾಲ ಬೇರೆ ಬೇಕಾ ಎಂದಳು. ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಆ ತಿಂಗಳಲ್ಲಿ ಇದು ಐದನೇ ಸಲ ನಾನು ಆ ಹೊಸ್ತಿಲಿನಿಂದ ಬರಿಗೈಯಲ್ಲಿ ಎದ್ದದ್ದು.

ನಗರದ ದೊಡ್ಡ ಸಂಸ್ಥೆಯೊಂದು ನಮ್ಮ ಜನರ ಮರೆವನ್ನು ಹತ್ತು ವರ್ಷ ಅಳೆಯಲು ಹೊರಟಿತ್ತು. ಪ್ರತಿ ವರ್ಷ ಅದೇ ಮುದುಕರು, ಅದೇ ಮುದುಕಿಯರು, ಅದೇ ಮೂವತ್ತು ಅಂಕದ ಪ್ರಶ್ನೆಗಳು. ಅಂಕ ಎಷ್ಟು ಇಳಿಯಿತು, ಯಾರದು ಯಾವಾಗ ಇಳಿಯಿತು ಎಂದು ಬರೆದುಕೊಳ್ಳುವುದು. ಕಾಗದದಲ್ಲಿ ಅವರಿಗೆ 'ಮೂಲನಿವಾಸಿ ಹಿರಿಯರು' ಎಂದು ಹೆಸರು. ನಮ್ಮ ಮೂಲವನ್ನು ಕಿತ್ತುಕೊಂಡರು, ನಿವಾಸವನ್ನು ಕಿತ್ತುಕೊಂಡರು, ಆಮೇಲೆ ಎರಡನ್ನೂ ಅಂಟಿಸಿ ಬಿರುದು ಮಾಡಿ ವಾಪಸ್ ಕೊಟ್ಟರು. ಬೆಟ್ಟದ ಮೇಲಿಂದ ಇಳಿಸಿ, ಐದು ಸಾಲು ತಗಡಿನ ಮನೆ ಕಟ್ಟಿ, ಗೋಡೆಗೆ ನಂಬರು ಬಳಿದು ನಮ್ಮನ್ನು ಕೂರಿಸಿ ಮೂವತ್ತು ವರ್ಷ ದಾಟಿತ್ತು. ಆ ಸಾಲುಗಳಲ್ಲೇ ಬೆಳೆದವಳೆಂದು, ಹಿರಿಯರ ಮಾತು ಬರುತ್ತದೆಂದು, ಓದು ಬರಹವೂ ಇದೆಯೆಂದು ಸಂಸ್ಥೆಯವರು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಕಾಲೋನಿಯಲ್ಲಿ ನನಗೆ ಪ್ರಶ್ನೆಯಕ್ಕ ಎಂದು ಹೆಸರು ಬಿದ್ದಿತ್ತು. ನಾನು ಸಾಲು ಹೊಕ್ಕರೆ ಯಾರಾದರೂ ಒಬ್ಬರು, ಪ್ರಶ್ನೆಯಕ್ಕ ಬಂದಳು, ಉತ್ತರ ಎಲ್ಲ ಒಳಗಿಡಿ ಎಂದು ಕೂಗುತ್ತಿದ್ದರು.

ಆದರೆ ದೊಡ್ಡಮ್ಮನ ವಿಷಯ ಬರೀ ಕೆಲಸದ್ದಾಗಿರಲಿಲ್ಲ. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳು. ಈಗ ಆರು ತಿಂಗಳಿಂದ ಒಲೆ ಹಚ್ಚಿ ಮರೆಯುತ್ತಿದ್ದಳು. ಒಂದು ದಿನ ಪಾತ್ರೆ ಕರಗಿ ತಳ ಬಿಟ್ಟಿತ್ತು. ಇನ್ನೊಂದು ದಿನ, ನಿಮ್ಮಮ್ಮ ಎಲ್ಲಿ ಹೋದಳು, ಇಷ್ಟೊತ್ತಾದರೂ ಬರಲಿಲ್ಲವಲ್ಲ ಎಂದು ನನ್ನನ್ನೇ ಕೇಳಿದ್ದಳು. ಪಟ್ಟಣದ ಆಸ್ಪತ್ರೆಗೆ ಕರೆದೊಯ್ದರೆ, ವಯಸ್ಸಾಯಿತು, ಇನ್ನೇನು ಎಂದು ಚೀಟಿಯ ಮೇಲೆ ಒಂದು ಗೆರೆ ಎಳೆದು ಕಳಿಸಿದ್ದರು. ಅವಳಿಗೆ ಸರಿಯಾದ ಡಾಕ್ಟರು ಸಿಗುವ ದಾರಿ ಒಂದೇ. ಎರಡು ವರ್ಷ ಸಾಲಾಗಿ ಅಂಕ ಮೊದಲಿಗಿಂತ ಕೆಳಗಿದ್ದವರನ್ನು ಸಂಸ್ಥೆಯೇ ಗಾಡಿ ಕಳಿಸಿ ಕರೆದೊಯ್ಯುತ್ತಿತ್ತು. ತಲೆಯ ಸ್ಕ್ಯಾನ್ ಆಗುತ್ತಿತ್ತು, ನೆನಪಿನ ಡಾಕ್ಟರು ನೋಡುತ್ತಿದ್ದರು, ಔಷಧಿ ಮನೆಗೇ ಬರುತ್ತಿತ್ತು. ಹೋದ ವರ್ಷ ದೊಡ್ಡಮ್ಮನ ಅಂಕ ಇಪ್ಪತ್ತನಾಲ್ಕರಿಂದ ಧಡಕ್ಕನೆ ಒಂಬತ್ತಕ್ಕೆ ಬಿದ್ದಿತ್ತು. ಈ ವರ್ಷ ಇನ್ನೊಂದು ಸಲ ಪರೀಕ್ಷೆಗೆ ಕೂತರೆ ಡಾಕ್ಟರು. ಕೂರದಿದ್ದರೆ ಏಳು. ಏಳು ಒತ್ತಿದ ಫೈಲನ್ನು ಮತ್ತೆ ತೆರೆಯುವಂತಿರಲಿಲ್ಲ.

ಹಾಗಾಗಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೂರನೇ ಸಾಲಿನಿಂದ ಐದನೇ ಸಾಲಿಗೆ, ಅಲ್ಲಿಂದ ನೀರಿನ ಪೈಪಿನ ಹತ್ತಿರಕ್ಕೆ, ಮತ್ತೆ ದೊಡ್ಡಮ್ಮನ ಮನೆಯ ಮುಂದಕ್ಕೆ. ಒಂದು ಚಪ್ಪಲಿಯ ಉಂಗುಷ್ಠ ಬೆಳಿಗ್ಗೆಯೇ ಕಿತ್ತಿತ್ತು. ಪಿನ್ನು ಚುಚ್ಚಿಕೊಂಡು ನಡೆಯುತ್ತಿದ್ದೆ. ಮಧ್ಯಾಹ್ನದೊಳಗೆ ಮೂರು ಸಲ ಫೋನು ಬಂತು. ನಮ್ಮ ಸಂಯೋಜಕರು. ಕೊರಳಲ್ಲಿ ಯಾವಾಗಲೂ ಒಂದು ಸ್ಟಾಪ್‌ವಾಚು ನೇತುಬಿದ್ದಿರುತ್ತಿದ್ದುದರಿಂದ ಹಿರಿಯರು ಅವರಿಗೆ ಗಡಿಯಾರದ ಸಾರ್ ಎನ್ನುತ್ತಿದ್ದರು. ಮೂವತ್ತು ದಾಟದ ಹುಡುಗ, ಕೆಟ್ಟವರಲ್ಲ. ಅರವತ್ತು ಮಂದಿ ಆಗಲೇಬೇಕು, ನಿಮ್ಮ ಹತ್ತಿರ ಐವತ್ತೊಂದಿದೆ, ಏನು ಮಾಡುತ್ತೀರಿ ಎಂದು ಕೇಳಿದರು. ಮೇಲಿನವರು ಹಿರಿಯರನ್ನು 'ಉಳಿಸಿಕೊಳ್ಳಲು' ಉಡುಗೊರೆ ಕಳಿಸಿದ್ದಾರೆ, ಅದನ್ನು ತೋರಿಸಿ ಎಂದರು. ಉಡುಗೊರೆ ಎಂದರೆ ಒಂದು ಸ್ಟೀಲ್ ಲೋಟ, ಮೇಲೆ ಸಂಸ್ಥೆಯ ಹೆಸರು. ಹೋದ ವಾರ ಅದನ್ನು ಎರಡನೇ ಸಾಲಿನ ಹೊಗೆಸೊಪ್ಪಿನಜ್ಜಿಗೆ ಕೊಟ್ಟಿದ್ದೆ. ಅವಳು ತಿರುಗಿಸಿ ತಿರುಗಿಸಿ ನೋಡಿ, "ಮರೆವು ನಮಗೆ ಅಂತಾರೆ, ಮರೀಬಾರದು ಅಂತ ಹೆಸರು ಕೊರೆಸ್ಕೊಂಡಿರೋದು ಅವರು" ಎಂದು ಅದರಲ್ಲೇ ಉಗುಳಿದ್ದಳು.

ಮೊದಲ ನಾಲ್ಕು ವರ್ಷ ಹೀಗಿರಲಿಲ್ಲ. ಆಗ ನಾನು ಮನೆ ಮನೆಯ ಜಗಲಿಯಲ್ಲಿ ಚಾಪೆ ಹಾಕಿ ಕೂತು ಪ್ರಶ್ನೆ ಕೇಳುತ್ತಿದ್ದೆ. ಅಕ್ಕಪಕ್ಕದವರೆಲ್ಲ ಸುತ್ತ ಸೇರುತ್ತಿದ್ದರು. ಇವತ್ತು ಯಾವ ವಾರ ಎಂದರೆ ನಾಲ್ಕು ಬಾಯಿ ನಾಲ್ಕು ವಾರ ಹೇಳಿ ಜಗಳವಾಡಿ ಕೊನೆಗೆ ಒಂದಕ್ಕೆ ಒಪ್ಪುತ್ತಿದ್ದವು. ನಾವು ಇರುವುದು ಎಷ್ಟನೇ ಮಹಡಿಯಲ್ಲಿ ಎನ್ನುವ ಪ್ರಶ್ನೆಯೂ ಇತ್ತು, ಯಾವುದೋ ನಗರದ ಆಸ್ಪತ್ರೆಯಲ್ಲಿ ಕೂತು ಮಾಡಿದ ಪಟ್ಟಿ. ಮಹಡಿ ಇದ್ದಿದ್ದರೆ ನಿನ್ನ ಕೈಲಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಕೂರುತ್ತಿದ್ದೆನಾ ಎಂದು ದೊಡ್ಡಮ್ಮ ಹೇಳಿ ಇಡೀ ಸಾಲನ್ನು ನಗಿಸಿದ್ದಳು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರೆ, ಕಳೆಯುವುದನ್ನು ನಮಗೆ ಹೇಳಿಕೊಡಬೇಡ ಎನ್ನುತ್ತಿದ್ದಳು, ಆದರೂ ಎಪ್ಪತ್ತೊಂಬತ್ತರವರೆಗೆ ತಪ್ಪಿಲ್ಲದೆ ಇಳಿಯುತ್ತಿದ್ದಳು. ನಮ್ಮವರಲ್ಲಿ ನೆನಪು ಒಬ್ಬರ ತಲೆಯಲ್ಲಿ ಪೂರ್ತಿ ಇರುವುದಿಲ್ಲ. ಒಬ್ಬಳು ಮಾತಿನ ಮೂತಿ ಹಿಡಿದರೆ ಇನ್ನೊಬ್ಬಳು ಬಾಲ ಹಿಡಿಯುತ್ತಾಳೆ. ನಾನು ಯಾರು ಮೊದಲು ಹೇಳಿದರೆಂದು ಗಮನಿಸಿ ಪ್ರಾಮಾಣಿಕವಾಗಿಯೇ ಬರೆಯುತ್ತಿದ್ದೆ. ನೂರಾ ಹನ್ನೆರಡು ಮಂದಿಯಲ್ಲಿ ನಾಲ್ಕು ವರ್ಷಕ್ಕೆ ಸತ್ತವರ, ಊರು ಬಿಟ್ಟವರ ಹೊರತು ಒಬ್ಬರೂ ಬಿಡಲಿಲ್ಲ.

ಐದನೇ ವರ್ಷ ಗಡಿಯಾರದ ಸಾರ್ ಬಂದರು, ಜತೆಗೆ ನಿಯಮವೂ ಬಂತು. ಪಕ್ಕದವರು ಉತ್ತರ ಹೇಳಿಕೊಟ್ಟರೆ ಅಳತೆ ಕೆಡುತ್ತದೆ. ಇನ್ನು ಮೇಲೆ ಒಬ್ಬೊಬ್ಬರನ್ನೇ ಕರೆಯಬೇಕು. ಮುಚ್ಚಿದ ಕೋಣೆ, ಒಳಗೆ ಪರೀಕ್ಷೆ ಮಾಡುವ ಡಾಕ್ಟರು ಮತ್ತು ಹಿರಿಯರು, ಮನೆಯವರು ಹೊರಗೆ. ಕಾಲೋನಿಯ ಕೊನೆಯ ಹಳೇ ಗೋದಾಮಿಗೆ ಸುಣ್ಣ ಬಳಿದು ಒಂದು ಮೇಜು, ಎರಡು ಕುರ್ಚಿ ಹಾಕಿದರು. ಜನ ಕಡಿಮೆಯಾಗತೊಡಗಿದರು. ಯಾಕೆಂದು ಯಾರೂ ಹೇಳಲಿಲ್ಲ. ಕಾಲು ನೋವು, ಕೆಲಸ ಇದೆ, ನಾಳೆ ನೋಡೋಣ. ನಾನೂ ಯಾಕೆಂದು ಎರಡನೇ ಸಲ ಕೇಳಲಿಲ್ಲ. ಹೆಬ್ಬೆರಳಿದ್ದ ಜಾಗದಲ್ಲಿ ಏಳು ಇತ್ತು.

ಗುರುವಾರ ಮಧ್ಯಾಹ್ನ ಚಪ್ಪಲಿಗೆ ಮೊಳೆ ಹೊಡೆಸಲು ಬಡಗಿ ಮಾವನ ಶೆಡ್ಡಿಗೆ ಹೋದೆ. ನನ್ನ ಅಮ್ಮನ ದೂರದ ಅಣ್ಣ, ದೊಡ್ಡಮ್ಮನ ಓರಗೆಯವನು. ಕಾಲೋನಿಯ ಕಿಟಕಿ ಬಾಗಿಲು ಮುಕ್ಕಾಲು ಪಾಲು ಅವನ ಕೈಯವೇ. ಹೋದ ವರ್ಷ ಅವನ ಹೆಸರಿನ ಮುಂದೆಯೂ ನಾನು ಏಳು ಒತ್ತಿದ್ದೆ. ಚಪ್ಪಲಿಯನ್ನು ಮಗುಚಿ ಹಿಡಿದು, ಇದನ್ನು ಸರಿ ಮಾಡುವುದಕ್ಕಿಂತ ನಿನ್ನ ತಿರುಗಾಟ ನಿಲ್ಲಿಸುವುದು ಸುಲಭ ಎಂದ. ದೊಡ್ಡಮ್ಮ ಬರುವುದಿಲ್ಲ ಅನ್ನುತ್ತಿದ್ದಾಳೆ ಎಂದೆ. ಅವನು ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಕೇಳಿದ.

"ನನ್ನ ಹೆಸರಿನ ಮುಂದೆ ಏನು ಬರೆದಿದೀಯ?"

"ಆಸಕ್ತಿ ಇಲ್ಲ ಅಂತ."

ಅವನು ಮೊಳೆಯನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡ. ನಕ್ಕ. ಆ ನಗು ಚೆನ್ನಾಗಿರಲಿಲ್ಲ.

"ನನ್ನ ತಲೇಲಿ ನನಗಿಲ್ಲದ ಆಸಕ್ತಿ ಇವರಿಗೆ. ಆ ಗೋದಾಮಿನ ಬಾಗಿಲು ಮಾಡಿದ್ದು ಯಾರು ಗೊತ್ತಾ? ನಾನು. ಹಸಿ ಮರ ಕೊಟ್ಟಿದ್ರು, ಸೊಟ್ಟ ತಿರುಗಿಕೊಳ್ತು. ತಾನಾಗಿ ಮುಚ್ಚಿಕೊಂಡಿರಲ್ಲ ಅದು. ಹೊರಗಡೆಯಿಂದ ಚಿಲಕ ಹಾಕಿದ್ರೇನೇ ನಿಲ್ಲೋದು."

ಅದು ನಿಜ. ಮುಚ್ಚಿದರೆ ಗಾಳಿಗೆ ಮತ್ತೆ ತೆರೆದುಕೊಳ್ಳುತ್ತಿತ್ತು, ಕೀರಲು ಸದ್ದಿಗೆ ಪರೀಕ್ಷೆ ಕೆಡುತ್ತಿತ್ತು. ಅದಕ್ಕೆ ನಾನು ಹೋದ ವರ್ಷದಿಂದ ಒಬ್ಬೊಬ್ಬರನ್ನು ಒಳಗೆ ಕಳಿಸಿ ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಇಪ್ಪತ್ತು ನಿಮಿಷ. ಒಳಗಿನಿಂದ ಡಾಕ್ಟರು ತಟ್ಟಿದರೆ ತೆಗೆಯುತ್ತಿದ್ದೆ. ಅದರಲ್ಲೇನಿದೆ ಎಂದು ಕೇಳಿದೆ.

ಅದರಲ್ಲೇನಿದೆ ಎಂದು ಮಾವ ಹೇಳಿದ. ಅವನು ಏಳು ವರ್ಷದವನಿದ್ದಾಗ ಬೆಟ್ಟಕ್ಕೆ ಲಾರಿ ಬಂದಿತ್ತು. ಮಕ್ಕಳನ್ನು ಓದಿಸುತ್ತೇವೆಂದು ತುಂಬಿಕೊಂಡು ಹೋದರು. ಅವನೂ ಇದ್ದ, ದೊಡ್ಡಮ್ಮನೂ ಇದ್ದಳು, ಈಗ ಈ ಐದು ಸಾಲುಗಳಲ್ಲಿ ಕೋಲೂರಿ ಓಡಾಡುವ ಮುಕ್ಕಾಲು ಪಾಲು ಜನವೂ ಇದ್ದರು. ವಸತಿ ಶಾಲೆ. ಹೋದ ಮೊದಲ ದಿನ ಒಬ್ಬೊಬ್ಬರನ್ನೇ ಆಫೀಸಿನ ಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದರು. ಒಳಗೆ ಮೇಜಿನಾಚೆ ಒಬ್ಬ ಮನುಷ್ಯ, ಮುಂದೆ ದಪ್ಪ ಪುಸ್ತಕ. ನಿನ್ನ ಹೆಸರೇನು? ಅಪ್ಪ ಅಮ್ಮ ಇಟ್ಟ ಹೆಸರು ಹೇಳಿದರೆ ತಪ್ಪು. ಬೆರಳ ಗಂಟಿಗೆ ರೂಲುದೊಣ್ಣೆ. ಪುಸ್ತಕದಲ್ಲಿ ಅವರು ಬರೆದಿಟ್ಟ ಹೊಸ ಹೆಸರು ಹೇಳಿದರೆ ಸರಿ. ಮಾವ ಅರ್ಧ ದಿನದಲ್ಲಿ ಹೇಳಿಬಿಟ್ಟನಂತೆ.

"ನಿಮ್ಮ ದೊಡ್ಡಮ್ಮ ಮೂರು ದಿನ ಇದ್ಲು ಒಳಗೆ" ಎಂದ. ಚಪ್ಪಲಿಗೆ ಎರಡೇ ಏಟಿಗೆ ಮೊಳೆ ಇಳಿಸಿ ನನ್ನ ಕಡೆ ಎಸೆದ. "ಈಗ ಎಪ್ಪತ್ನಾಲ್ಕಕ್ಕೆ ಕರ್ಕೊಂಡು ಹೋಗಿ ಮತ್ತೆ ಕೂಡಿ ಹಾಕಿ, ಮೊದಲನೇ ಪ್ರಶ್ನೆ ಏನು ಕೇಳ್ತೀರಿ ನೀವು?"

ಮೊದಲನೇ ಪ್ರಶ್ನೆ ಅದೇ. ನಿಮ್ಮ ಹೆಸರು ಹೇಳಿ.

ಶೆಡ್ಡಿನಿಂದ ಹೊರಗೆ ಬಂದ ಮೇಲೆ ನಾನು ಎತ್ತ ಹೋದೆನೆಂದು ನನಗೇ ಗೊತ್ತಿಲ್ಲ. ಪೈಪಿನ ಹತ್ತಿರ ಒಂದು ಸಲ, ಗೋದಾಮಿನ ಹಿಂದೆ ಒಂದು ಸಲ ನಿಂತಿದ್ದು ನೆನಪು. ಹೋದ ವರ್ಷ ದೊಡ್ಡಮ್ಮ ಒಳಗಿದ್ದ ಇಪ್ಪತ್ತು ನಿಮಿಷ ನಾನು ಹೊರಗೆ ಮೊಬೈಲಿನಲ್ಲಿ ಏನೋ ನೋಡುತ್ತಾ ನಗುತ್ತಿದ್ದೆ. ಹೊರಬಂದ ಪರೀಕ್ಷೆಯ ಡಾಕ್ಟರು, ತುಂಬಾ ಇಳಿದಿದೆ, ಬಹುತೇಕ ಯಾವುದಕ್ಕೂ ಉತ್ತರವೇ ಇಲ್ಲ ಎಂದಿದ್ದರು. ಅವರ ದನಿಯಲ್ಲಿ ಬೇಸರದ ಜತೆ, ಏನೋ ಸಿಕ್ಕಿತು ಅನ್ನುವ ಹುರುಪೂ ಇತ್ತು. ಒಂಬತ್ತು! ಮೂವತ್ತಕ್ಕೆ ಒಂಬತ್ತು. ಒಬ್ಬ ಹೆಂಗಸು ಬಾಯಿ ಬಿಗಿಹಿಡಿದು ಕೂತಿದ್ದನ್ನು ಅವರು ಮರೆವು ಎಂದು ಅಳೆದುಕೊಂಡು ಹೋದರು. ಆ ಸಂಖ್ಯೆ ನಗರಕ್ಕೆ ಹೋಗಿ, ಯಾವುದೋ ಪರದೆಯ ಮೇಲೆ ಕೆಳಮುಖದ ಗೆರೆಯಾಗಿ, ನೋಡಿ ಈ ಜನಗಳಲ್ಲಿ ಕಾಯಿಲೆ ಎಷ್ಟು ಬೇಗ ಏರುತ್ತದೆ ಎಂದು ಯಾರಿಗೋ ತೋರಿಸಲು ಬಂದಿರಬೇಕು. ಮೇಲಿನವರು ಬಾಗಿಲು ಮುಚ್ಚಿ ಎಂದಿದ್ದರು. ಚಿಲಕ ಎಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಅದು ನನ್ನ ಸ್ವಂತ ಜಾಣತನ.

ಸಂಜೆ ಬಿಸಿಲು ಇರುವಾಗಲೇ ದೊಡ್ಡಮ್ಮನ ಹತ್ತಿರ ಹೋದೆ. ಅವಳು ಬಕೆಟ್ಟಿನ ಹಿಡಿಯನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದಳು, ಬೆಳಿಗ್ಗೆ ಮಾಡಿ ಮುಗಿಸಿದ್ದನ್ನೇ. ನಾನು ಪಕ್ಕದಲ್ಲಿ ಕೂತೆ. ಹೇಗೆ ಶುರು ಮಾಡುವುದೆಂದು ತಿಳಿಯದೆ ನೇರವಾಗಿ ಹೇಳಿಬಿಟ್ಟೆ.

"ಹೋದ ವರ್ಷ ಚಿಲಕ ಹಾಕಿದ್ದು ನಾನು, ದೊಡ್ಡಮ್ಮ."

"ಗೊತ್ತು" ಎಂದಳು. "ನಿನ್ನ ಬಳೆ ಸದ್ದಾಯ್ತಲ್ಲ."

ನಾನು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿಕೊಂಡೆ. ಆಮೇಲೆ ನಾನು ಡಾಕ್ಟರ ವಿಷಯ ಬಿಡಿಸಿ ಹೇಳಿದೆ. ಒಲೆಯ ವಿಷಯ ಹೇಳಿದೆ, ಅಮ್ಮನನ್ನು ಕೇಳಿದ ದಿನದ ವಿಷಯವನ್ನೂ ಹೇಳಿದೆ. ಅದನ್ನು ಯಾಕೆ ಹೇಳಿದೆನೋ. ಅವಳ ಕೈ ನಿಂತಿತು. ಸತ್ತವಳನ್ನು ಕೇಳಿದೆನಾ ಎಂದು ವಿಚಾರಿಸಿದಳು. ಹೌದು ಎಂದೆ. ಅವಳು ತಂತಿಯನ್ನು ಕೆಳಗಿಟ್ಟಳು. ತನಗೂ ಕೆಲವು ಸಲ ಬೆಳಿಗ್ಗೆ ಎದ್ದಾಗ ಮನೆಯ ಗೋಡೆ ಯಾವ ಕಡೆ ಎಂದು ತಿಳಿಯುವುದಿಲ್ಲ, ಹೆದರಿಕೆಯಾಗುತ್ತದೆ, ಯಾರಿಗೂ ಹೇಳಿಲ್ಲ ಎಂದಳು. ಡಾಕ್ಟರಿಗೆ ಹೇಳಬೇಕೆಂದಿದ್ದೆ, ಆದರೆ ಆ ಕೋಣೆಯಲ್ಲಿ ಹೇಳಲಾಗಲಿಲ್ಲ ಎಂದಳು. ಬಾಗಿಲು ಇಲ್ಲದ ಕಡೆ, ಎಲ್ಲರೂ ಕೂತ ಕಡೆ ಕೇಳುವುದಾದರೆ ಬರುತ್ತೇನೆ. ಇಲ್ಲವಾದರೆ ಗೋಡೆ ಹುಡುಕುತ್ತಾ ಸಾಯುತ್ತೇನೆ.

ಶುಕ್ರವಾರ ಬೆಳಿಗ್ಗೆ ಬಡಗಿ ಮಾವ ಗೋದಾಮಿನ ಬಾಗಿಲ ಕೀಲು ಬಿಚ್ಚಿದ. ಇದಕ್ಕೆ ಯಾರ ಅಪ್ಪಣೆ ಇದೆ ಎಂದು ಕೇಳಿದವರಿಗೆ, ಮಾಡಿದವನದ್ದು ಎಂದ. ಬಾಗಿಲನ್ನು ಅಂಗಳಕ್ಕೆ ಹೊತ್ತು ತಂದು ನಾಲ್ಕು ಇಟ್ಟಿಗೆಯ ಮೇಲೆ ಅಡ್ಡ ಮಲಗಿಸಿದ. ಆರು ಮಂದಿ ಕೂರುವಷ್ಟು ಅಗಲದ ಬೆಂಚಾಯಿತು. ಸೊಟ್ಟ ಇದ್ದುದರಿಂದ ಅಲ್ಲಾಡುತ್ತಿತ್ತು. ಹೊಗೆಸೊಪ್ಪಿನಜ್ಜಿ ಮೊದಲು ಬಂದು ನಡುವೆ ಕೂತಳು. ಹತ್ತು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಹದಿನಾಲ್ಕು ಜನ. ಅವರಲ್ಲಿ ಒಂಬತ್ತು ಮಂದಿಗೆ ನಾನು ಏಳು ಒತ್ತಿದ್ದೆ.

ಗಡಿಯಾರದ ಸಾರ್ ಸಂಸ್ಥೆಯ ಗಾಡಿಯಿಂದ ಇಳಿದು ಗೋದಾಮಿನ ಬಾಯಿ ನೋಡಿದರು. ಬಾಗಿಲೆಲ್ಲಿ ಎಂದು ಕೇಳಿದರು. ಅದರ ಮೇಲೇ ಕೂತಿದ್ದೇವೆ, ನೀವೂ ಬನ್ನಿ, ಇನ್ನೊಬ್ಬರಿಗೆ ಜಾಗ ಇದೆ ಎಂದಳು ಅಜ್ಜಿ. ಅವರು ನನ್ನನ್ನು ಗಾಡಿಯ ಮರೆಗೆ ಕರೆದು ಮೆಲ್ಲಗೆ, ಇದು ನಡೆಯುವುದಿಲ್ಲ ಎಂದರು. ತೆರೆದ ಜಾಗದಲ್ಲಿ ಮಾಡಿದ್ದನ್ನು ಮೇಲಿನವರು ಒಪ್ಪುವುದಿಲ್ಲ, ನನ್ನ ಕೆಲಸ ಹೋಗುತ್ತದೆ, ನಿಮ್ಮದೂ ಹೋಗುತ್ತದೆ. ನಾನು ಅವರಿಗೆ ಲಾರಿಯ ವಿಷಯ, ಚಿಲಕದ ವಿಷಯ ಹೇಳಿದೆ. ಎಲ್ಲವನ್ನೂ, ನನ್ನ ಬಳೆಯ ಸದ್ದನ್ನೂ. ಅವರು ಕೇಳುತ್ತಾ ಕೊರಳಿನ ಸ್ಟಾಪ್‌ವಾಚನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಯಾರಾದರೂ ಮೊದಲೇ ಹೇಳಬಾರದಿತ್ತಾ ಎಂದರು. ಕೇಳುವ ಕೆಲಸ ನಮ್ಮದಿತ್ತು ಸಾರ್ ಎಂದೆ.

ಅವರು ಬಾಗಿಲ ತುದಿಯಲ್ಲಿ ಕೂತರು. ಪರೀಕ್ಷೆಯ ಡಾಕ್ಟರು ಅವತ್ತು ಬಂದಿರಲಿಲ್ಲ, ಮೊದಲ ನಾಲ್ಕು ವರ್ಷದ ಹಾಗೆ ನಾನೇ ಮಾಡಿದೆ. ದೊಡ್ಡಮ್ಮ ಎದುರಿಗೆ ಚಾಪೆಯ ಮೇಲೆ, ಸೆರಗು ಸರಿ ಮಾಡಿಕೊಂಡು, ಮದುವೆಮನೆಯಲ್ಲಿ ಕೂತವಳ ಹಾಗೆ ಕೂತಿದ್ದಳು.

ನಿಮ್ಮ ಹೆಸರು ಹೇಳಿ ಎಂದೆ.

ಅವಳು ಒಂದು ಹೆಸರು ಹೇಳಿದಳು. ಕಾಗದದಲ್ಲಿದ್ದ ಹೆಸರಲ್ಲ. ನಲವತ್ತಮೂರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರದ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಅಂಗಳದಲ್ಲಿ ಒಂದು ಸಣ್ಣ ಸದ್ದಾಯಿತು. ಬಡಗಿ ಮಾವ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಹೊಗೆಸೊಪ್ಪಿನಜ್ಜಿ ಕುಳಿತಲ್ಲಿಂದಲೇ ಆ ಹೆಸರನ್ನು ಇನ್ನೊಂದು ಸಲ ಹೇಳಿದಳು, ಬಾಯಿಯಲ್ಲಿ ಇಟ್ಟು ರುಚಿ ನೋಡುವವಳ ಹಾಗೆ.

ಗಡಿಯಾರದ ಸಾರ್ ಫೈಲು ನೋಡಿ, ಹೆಸರು ಹೊಂದುತ್ತಿಲ್ಲ, ನಿಯಮದ ಪ್ರಕಾರ ಸೊನ್ನೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಒಂದು ಅಂಕ ಬರೆದು ಅವರ ಕಡೆ ತಿರುಗಿಸಿ ಹಿಡಿದೆ. ಅವರು ಅದನ್ನೇ ನೋಡಿದರು. ಅಳಿಸಲಿಲ್ಲ.

ಆಮೇಲಿನದು ಸುಲಭವಾಗಿರಲಿಲ್ಲ. ವಾರ ಹೇಳಿದಳು, ತಿಂಗಳು ತಪ್ಪಿದಳು. ದೋಣಿ, ಕನ್ನಡಿ, ಸೂಜಿ ಎಂಬ ಮೂರು ಪದ ಹೇಳಿ ನೆನಪಿಟ್ಟುಕೋ ಎಂದೆ. ನೂರರಿಂದ ಏಳು ಕಳೆದರೆ ತೊಂಬತ್ತಮೂರು ಎಂದಳು, ಮುಂದಕ್ಕೆ ಹೋಗಲಿಲ್ಲ. ತೊಂಬತ್ತಮೂರರಲ್ಲೇ ನಿಂತು, ಅಲ್ಲಿ ಯಾರೋ ಬರುವುದಿದೆ ಎನ್ನುವಂತೆ ಕಾದಳು. ಆ ಮೂರು ಪದ ಹೇಳು ಎಂದಾಗ ದೋಣಿ ಎಂದಳು, ಸೂಜಿ ಎಂದಳು. ನಡುವಿನದಕ್ಕೆ ತಡಕಾಡಿದಳು. ಅಜ್ಜಿಯ ತುಟಿ ಅಲ್ಲಾಡಿತು. ನಾನು ನೋಡಿದೆ. ನೋಡದ ಹಾಗಿರಬೇಕು ಅನ್ನಿಸಿತು, ನನ್ನ ಇಡೀ ಮೈ ಆ ತುಟಿಯ ಕಡೆಗೇ ವಾಲಿತು. ದೊಡ್ಡಮ್ಮ ಕೈ ಎತ್ತಿ ಅಜ್ಜಿಯನ್ನು ತಡೆದಳು.

"ಸುಮ್ನಿರು. ಹೆಸರು ಕಿತ್ಕೊಂಡ್ರು, ಬೆಟ್ಟ ಕಿತ್ಕೊಂಡ್ರು. ಈ ಮರೆವಾದ್ರೂ ನನ್ನದು. ಇದ್ದಷ್ಟು ಬರೀಲಿ."

ಹದಿನೇಳು ಬಂತು. ಮೂರು ಸಲ ಕೂಡಿದೆ, ಹದಿನೇಳೇ. ಒಂಬತ್ತು ಸುಳ್ಳಾಗಿತ್ತು, ಅದನ್ನು ಬೈಯಬಹುದಿತ್ತು. ಹದಿನೇಳು ನಿಜ. ಅದನ್ನು ಏನು ಮಾಡುವುದು?

ಸಾರ್ ಫೈಲು ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ನನಗೆ ಮಾತ್ರವಲ್ಲ, ಎಲ್ಲರಿಗೂ ಕೇಳುವಂತೆ ಹೇಳಿದರು. ಈ ಪರೀಕ್ಷೆ ಯಾಕೆ ಹೊರಗೆ ನಡೆಯಿತು ಎಂದು ನಾನು ಪತ್ರ ಬರೆಯುತ್ತೇನೆ. ಒಪ್ಪಬಹುದು, ಒಪ್ಪದಿರಬಹುದು. ಆದರೆ ಹಾಗೆ ಬರೆದರೆ ಹೋದ ವರ್ಷದ ಒಂಬತ್ತನ್ನೂ ಹೊಡೆದುಹಾಕಬೇಕಾಗುತ್ತದೆ, ಕೂಡಿಹಾಕಿ ತೆಗೆದ ಸಂಖ್ಯೆ ಅದು. ಒಂಬತ್ತು ಹೋದರೆ ಉಳಿಯುವುದು ಈ ಒಂದೇ ವರ್ಷ. ಡಾಕ್ಟರಿಗೆ ಎರಡು ವರ್ಷ ಬೇಕು. ಹೊರಗೆ ನಡೆಯಿತೆಂದೂ, ಚಿಲಕದ ವಿಷಯವನ್ನೂ ಬರೆಯದಿದ್ದರೆ ಒಂಬತ್ತೂ ಇರುತ್ತದೆ, ಹದಿನೇಳೂ ಇರುತ್ತದೆ, ಮುಂದಿನ ವಾರವೇ ಗಾಡಿ ಬರುತ್ತದೆ.

ಬರೆಯಬೇಡಿ ಎಂದು ನಾನು ಹೇಳಿದೆ. ಹೇಳಿದ್ದು ನಾನೇ. ಒಂದು ಸುಳ್ಳು ಸಂಖ್ಯೆ ಇದ್ದರೆ ಇರಲಿ, ಅವರು ನಮಗೆ ಮಾಡಿದ್ದರಲ್ಲಿ ಇಷ್ಟಾದರೂ ನಮಗೆ ಉಪಯೋಗಕ್ಕೆ ಬರಲಿ, ಬಾಯಿ ಮುಚ್ಚಿಕೊಂಡಿರೋಣ ಎಂದೆ. ಬಡಗಿ ಮಾವ ನನ್ನ ಕಡೆ ತಿರುಗಿ ನೋಡಿದ. ಬೈಯಲಿಲ್ಲ, ಅವನಿಗೂ ಅದೇ ಅನ್ನಿಸಿರಬೇಕು.

ದೊಡ್ಡಮ್ಮ ಸಾರ್ ಕಡೆ ನೋಡಿದಳು. ಆ ಕೋಣೆಯಲ್ಲಿ ಇನ್ನೆಷ್ಟು ಜನರ ಅಂಕ ತೆಗೆದಿದ್ದೀರಿ ಎಂದು ಕೇಳಿದಳು. ಎಂಬತ್ತರ ಹತ್ತಿರ ಎಂದರು ಅವರು. ಅದರಲ್ಲಿ ಎಷ್ಟು ಜನ ಲಾರಿಯಲ್ಲಿ ಹೋದವರು ಎಂದು ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. ಅಂಗಳದಲ್ಲಿದ್ದವರು ಎಣಿಸತೊಡಗಿದರು, ಒಬ್ಬರು ಬಿಟ್ಟಿದ್ದನ್ನು ಇನ್ನೊಬ್ಬರು ಹಿಡಿಯುತ್ತಾ. ಐವತ್ತೆಂಟಕ್ಕೆ ಹೋಗಿ ನಿಂತರು.

"ಹಾಗಾದ್ರೆ ಅವೆಲ್ಲ ನಮ್ಮ ಅಂಕ ಅಲ್ಲ, ನಿಮ್ಮ ಬಾಗಿಲಿಂದು" ಎಂದಳು ದೊಡ್ಡಮ್ಮ. "ತೆಗೀರಿ. ನಂದೂ ತೆಗೀರಿ."

ಇನ್ನೊಂದು ವರ್ಷ ಕಾಯಬೇಕಾಗುತ್ತದೆ ಎಂದು ನಾನು ಗೋಗರೆದೆ. ವರ್ಷ ಎಂದರೆ ನಿನಗೆ ಏನೆಂದು ಗೊತ್ತಾ ಎಂದು ರೇಗಿದೆ ಕೂಡ. ಗೊತ್ತು ಎಂದಳು. ಆಮೇಲೆ ಸಾರ್‌ಗೆ ಹೇಳಿದಳು, ಒಂದೊಂದೇ ಮಾತು, ಮಗುವಿಗೆ ದಾರಿ ಹೇಳುವ ಹಾಗೆ.

"ಮುಂದಿನ ವರ್ಷ ನೀನೇ ಬರಬೇಕು, ಬೇರೆಯವರನ್ನ ಕಳಿಸೋ ಹಾಗಿಲ್ಲ. ಆಗ ನನಗೆ ನಿನ್ನ ಗುರುತು ಸಿಗಲ್ವೇನೋ. ನಾನು ಯಾರು, ಯಾಕೆ ಬಂದೆ, ಹೋದ ಸಲ ನಿಮ್ಮಿಂದ ಏನು ತಗೊಂಡು ಹೋದೆ, ಅದರಿಂದ ಏನಾಯ್ತು, ಅಷ್ಟೂ ಮೊದಲು ನೀನು ಹೇಳಬೇಕು. ಪ್ರತಿ ಮನೇಲೂ. ನಿಂದು ಸರಿ ಬಂದ್ರೆ ಆಮೇಲೆ ನಮ್ಮದು ಕೇಳು. ಬರ್ಕೋ."

ಅವರು ಒಪ್ಪಿಗೆ ಪತ್ರದ ಹಿಂದಿನ ಖಾಲಿ ಮಗ್ಗುಲಲ್ಲಿ ಬರೆದರು. ಗಟ್ಟಿಯಾಗಿ ಓದಿ ಹೇಳಿದರು. 'ಏನಾಯ್ತು' ಅನ್ನುವುದನ್ನು ಬಿಟ್ಟಿದ್ದರು, ಅಜ್ಜಿ ಹಿಡಿದಳು, ಸೇರಿಸಿದರು. ದೊಡ್ಡಮ್ಮ ಹೆಬ್ಬೆಟ್ಟು ಒತ್ತದೆ, ಪೆನ್ನು ಇಸಿದುಕೊಂಡು, ವಸತಿ ಶಾಲೆಯಲ್ಲಿ ಕಲಿತ ಗುಂಡು ಅಕ್ಷರಗಳಲ್ಲಿ ಆ ಹಳೇ ಹೆಸರು ಬರೆದಳು. ಬರೆದು ಮುಗಿಸಿ, ಎದ್ದು, ಮನೆ ಇದ್ದ ದಿಕ್ಕಿಗೆ ವಿರುದ್ಧವಾಗಿ ನಾಲ್ಕು ಹೆಜ್ಜೆ ಹೋದಳು. ಮಾವ ತಾನೂ ಆ ಕಡೆಗೇ ಹೊರಟವನ ಹಾಗೆ ಜತೆಯಾಗಿ, ಸುತ್ತು ಹಾಕಿಸಿ ಕರೆದುಕೊಂಡು ಹೋದ.

ನನಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಶುಕ್ರವಾರದ ಹನ್ನೆರಡು ಗಂಟೆ. ಅಂಗಳಕ್ಕೆ ಬಂದ ಒಂಬತ್ತು ಮಂದಿಯನ್ನು ಬಿಟ್ಟರೆ ಏಳು ಒತ್ತಿದ ಇಪ್ಪತ್ತೆಂಟು ಮನೆಗಳಿದ್ದವು. ಪ್ರತಿ ಮನೆಗೂ ಹೋಗಿ ನಿಜವಾದ ಕಾರಣ ಕೇಳಬೇಕಿತ್ತು. ಸಾರ್‌ಗೆ ಬನ್ನಿ ಎಂದೆ. ಚಾ ಕುಡಿದು ಹೋಗೋಣವೇ ಎಂದರು. ಬೇಡ ಎಂದೆ. ನಾನು ಮುಂದೆ, ಅವರು ಹಿಂದೆ ನಾಲ್ಕನೇ ಸಾಲಿಗೆ ಹೋದೆವು. ಅಲ್ಲಿ ಮೊದಲನೇ ಮನೆ ಕಣ್ಣಿಗೆ ಪೊರೆ ಬಂದ ಒಬ್ಬ ಅಜ್ಜನದು. ಹೆಜ್ಜೆಯ ಸದ್ದಿಗೆ ಒಳಗಿನಿಂದ, "ಯಾರದು?" ಎಂದ.

ಯಾವಾಗಲೂ ಅದಕ್ಕೆ ಉತ್ತರ ಕೊಡುವವಳು ನಾನು. ಸಾರ್ ನನ್ನ ಮುಖ ನೋಡಿದರು. ನಾನು ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆ ನೋಡುತ್ತಾ ನಿಂತೆ.

"ಯಾರದು ಅಂದೆ" ಎಂದ ಅಜ್ಜ, ಈ ಸಲ ಜೋರಾಗಿ.

ಸಾರ್ ಶೂ ಬಿಚ್ಚಿದರು. ಗಂಟಲು ಸರಿ ಮಾಡಿಕೊಂಡರು.